ತೆರೆದಿಟ್ಟ ಗೇಟು

"ಹೊಳೆ ಏರಿದ್ರೆ ಏರ್ಲಿ ಬಿಡಯ್ಯ," ಎಂದು ಮುದಿ ರೈತ ಸ್ಟ್ಯಾನ್ ಪಬ್ಬಿನವನಿಗೆ ಹೇಳಿದ. "ದಂಡೆ ಹೊಲದ ಮೇಲಿನ ಗೇಟನ್ನ ಹಗ್ಗ ಕಟ್ಟಿ ತೆರೆದಿಟ್ಟು ಬಂದಿದೀನಿ. ಕುರಿಗಳು ತಾವೇ ಗುಡ್ಡ ಹತ್ತುತ್ವೆ."

ಪಕ್ಕದ ಮೇಜಿನಲ್ಲಿ ಐರಿಸ್‌ಳ ಬಿಯರ್ ಲೋಟ ತುಟಿಯ ಹತ್ತಿರವೇ ನಿಂತಿತು. ಆ ಹಗ್ಗ ಬಿಚ್ಚಿ ಗೇಟು ಮುಚ್ಚಿದವಳು ಅವಳೇ. ಬೆಳಗಿನಿಂದ ಗೆಳತಿ ಡೋರೀನ್ ಜೊತೆ ಹೊಲಗಳ ಕಾಲುದಾರಿಯಲ್ಲಿ ನಡೆಯುತ್ತ, ದನಕುರಿ ತಪ್ಪಿಸಿಕೊಳ್ಳಬಾರದೆಂದು ದಾಟಿದ ಪ್ರತಿ ಗೇಟನ್ನೂ ಮುಚ್ಚುತ್ತ ಬಂದಿದ್ದಳು. "ಮುಚ್ಚಮ್ಮ ಮುಚ್ಚು, ಹೊಲಕ್ಕೆ ನೆಗಡಿಯಾದೀತು," ಎಂದು ಡೋರೀನ್ ಅಣಕಿಸಿದ್ದಳು. ಈಗ ಅದೇ ಡೋರೀನ್ ಮೇಜಿನಡಿ ಅವಳ ಮೊಣಕಾಲು ಒತ್ತಿ, "ಸುಮ್ನಿರೇ, ಯಾರೂ ನೋಡಿಲ್ಲ," ಎಂದು ಪಿಸುಗುಟ್ಟಿದಳು.

ಅಪರಿಚಿತರ ಮುಂದೆ ಐರಿಸ್‌ಳಿಗೆ ಬಾಯಿ ಬಿಡುವುದೇ ಕಷ್ಟ. ಆದರೂ ಎದ್ದು ನಿಂತಳು. "ಆ ಗೇಟು ನಾನು ಮುಚ್ಚಿಬಿಟ್ಟೆ. ಯಾರೋ ಮರೆತು ಹೋಗಿದಾರೆ ಅಂದ್ಕೊಂಡೆ."

ಸ್ಟ್ಯಾನ್ ಬೈಯಲಿಲ್ಲ. "ಎಷ್ಟು ಹೊತ್ತಾಯ್ತಮ್ಮ?"

"ಎರಡು ಗಂಟೆ."

ಸ್ಟ್ಯಾನ್ ಕೋಟು ತೊಡಲು ಹೋಗಿ ತೋಳು ಸಿಗದೆ ತಡಕಾಡಿದ. "ಹಾಗಾದ್ರೆ ಕುರಿ ಯಾಕೆ ಬರ್ಲಿಲ್ಲ ಅಂತ ನೋಡೋಕೆ," ಎಂದ, "ಗುಡ್ಡದ ಮೇಲೆ ಕಾಯ್ತಿದ್ದ ನನ್ನ ಮುದುಕಿ ಹೊಳೆ ದಂಡೆಗೆ ಇಳಿದಿರ್ತಾಳೆ."