ಹಾಲುಹಲ್ಲಿನ ಗುರುತು

ಟವೆಲ್ಲಿನಲ್ಲಿ ಕೂಸಿನ ಹಾಗೆ ಸುತ್ತಿ ತಂದಿದ್ದನ್ನು ಅಮ್ಮ ಮಗಳ ಕೆಲಸದ ಮೇಜಿನ ಮೇಲೆ ಮಲಗಿಸಿ, ಬಾಗಿಲ ಕಡೆ ಒಮ್ಮೆ ನೋಡಿ, ಬಿಚ್ಚಿದಳು. ಅಪ್ಪನ ತೊಗಲಿನ ಚೀಲ. ಮುಚ್ಚಳದ ನಟ್ಟನಡುವೆ ಇಸ್ತ್ರಿ ಪೆಟ್ಟಿಗೆಯ ಆಕಾರದ ಕರಕಲು ಕಲೆ, ಮೂತಿ ಸಮೇತ.

"ಏನಮ್ಮಾ, ಚೀಲಕ್ಕೂ ಇಸ್ತ್ರಿ ಹಾಕಿದ್ಯಾ?"

"ನಗಬೇಡ. ಅಂಗಿ ಇಸ್ತ್ರಿ ಮಾಡ್ತಿದ್ದೆ, ಫೋನ್ ಬಂತು, ಪೆಟ್ಟಿಗೆನ ಎಲ್ಲಿಟ್ಟೆ ಅಂತ ನೋಡ್ಲಿಲ್ಲ. ನಿಮ್ಮಪ್ಪ ತಮ್ಮನ ಮನೆಯಿಂದ ನಾಳೆ ಸಂಜೆ ಬರ್ತಾರೆ. ಅಷ್ಟರಲ್ಲಿ ಇದು ಇದ್ದ ಹಾಗೇ ಆಗ್ಬೇಕು. ಅವರಿಗೆ ಗೊತ್ತಾಗಬಾರದು."

ಮನೆಮನೆಗೆ ಹೋಗಿ ಗೋಡೆ ಗಡಿಯಾರ ರಿಪೇರಿ ಮಾಡುವ ಅಪ್ಪನಿಗೆ ಆ ಚೀಲ ಮೂರನೇ ಕೈ ಇದ್ದ ಹಾಗೆ. ತೊಗಲಿನ ಕೆಲಸವನ್ನೇ ಕಸುಬು ಮಾಡಿಕೊಂಡ ಮಗಳು ಹೊಸದು ಮಾಡಿಕೊಡುತ್ತೇನೆಂದು ಎಷ್ಟು ಸಲ ಹೇಳಿದರೂ ಕಿವಿಗೆ ಹಾಕಿಕೊಂಡವರಲ್ಲ.

"ಮುಚ್ಚಳ ಹೊಸದು ಹಾಕಿ, ಹಳೇದರ ಹಾಗೆ ಕಾಣೋ ಹಾಗೆ ಮಾಡಬಹುದು. ಆದ್ರೂ ಹೇಳಿಬಿಡೋದು ವಾಸಿ ಅಲ್ವಾ? ಅಪ್ಪ ಏನು ಬೈತಾರಾ?"

"ಬೈದ್ರೆ ಬೈಸ್ಕೊಳ್ತಿದ್ದೆ. ಬಾಯೇ ಬಿಡಲ್ಲ ಅವರು. ಈ ಮೂಲೆ ಸವರ್ಕೊಂಡು ಸುಮ್ಮನೆ ಕೂತುಬಿಡ್ತಾರೆ, ಅದನ್ನ ನೋಡೋಕಾಗಲ್ಲ." ಅಮ್ಮ ಮುಚ್ಚಳದ ಎಡಮೂಲೆಗೆ ಬೆರಳಿಟ್ಟಳು. ಅಲ್ಲಿ ಅಕ್ಕಿಕಾಳಿನಷ್ಟು ಎರಡು ಗುಳಿ. "ನಿನ್ನ ಹಾಲುಹಲ್ಲು ಕಣೇ ಇದು. ಮೇಲೆರಡು, ಕೆಳಗೆರಡು ಬಂದಿತ್ತಷ್ಟೇ. ಅವರು ಕೆಲಸಕ್ಕೆ ಹೊರಟ್ರೆ ಚೀಲ ಕಚ್ಕೊಂಡು ನೇತಾಡ್ತಿದ್ದೆ, ಉಡದ ಹಾಗೆ."

ಈ ಉಡದ ಕಥೆಯನ್ನು ಕೇಳಿ ಕೇಳಿ ಮಗಳಿಗೆ ಬಾಯಿಪಾಠವಾಗಿತ್ತು. ಅಮ್ಮ ಚಹಾಕ್ಕೆ ನೀರಿಡಲು ಒಳಗೆ ಹೋದಳು. ಮಗಳು ಮುಚ್ಚಳದ ಹೊಲಿಗೆ ಬಿಚ್ಚಿದಳು. ಬಿಚ್ಚಿ, ಕೈ ನಿಲ್ಲಿಸಿದಳು. ಚೀಲದ ಬೆನ್ನಿನಲ್ಲಿ ಎರಡು ಸಾಲು ಸೂಜಿ ತೂತುಗಳಿದ್ದವು. ಒಂದು, ಈಗ ದಾರ ಕಿತ್ತದ್ದು. ಅದರ ಪಕ್ಕದ್ದು ಇನ್ನೂ ಹಳೆಯದು, ಕೊಳೆ ತುಂಬಿ ಮುಚ್ಚಿಹೋಗಿತ್ತು. ಅಂದರೆ ಈ ಮುಚ್ಚಳವೇ ಮೊದಲಿನದಲ್ಲ. ಮೂಲೆಯನ್ನು ತಿರುವಿ ನೋಡಿದಳು. ಹಿಂಬದಿ ನುಣ್ಣಗಿತ್ತು. ಮಗು ಕಚ್ಚಿದ್ದರೆ ಎರಡೂ ಕಡೆ ಹಲ್ಲು ಮೂಡಬೇಕಿತ್ತಲ್ಲ? ಭೂತಗನ್ನಡಿ ಹಿಡಿದಳು. ಗುಳಿಗಳ ತಳ ಚಪ್ಪಟೆ. ಗಡಿಯಾರದ ಸಣ್ಣ ಸ್ಕ್ರೂಡ್ರೈವರಿನ ತುದಿ ಎಷ್ಟಿರುತ್ತದೋ ಅಷ್ಟೇ ಅಗಲ.

"ಯಾಕೇ ಹಾಗೆ ಕೂತಿದ್ದೀಯ? ಆಗಲ್ವಾ?" ಲೋಟ ಹಿಡಿದು ಬಂದ ಅಮ್ಮನ ಮುಖ ಸಣ್ಣಗಾಯಿತು.

"ಆಗತ್ತಮ್ಮಾ. ಯಾಕಾಗಲ್ಲ," ಎಂದು ಮಗಳು ಹಳೆಯ ಮುಚ್ಚಳವನ್ನು ಮಗುಚಿಟ್ಟಳು.

ಹೊಸ ತೊಗಲನ್ನು ಅಳತೆಗೆ ಕತ್ತರಿಸಿ, ಒದ್ದೆ ಸ್ಪಂಜಿನಿಂದ ಮೆತ್ತಗೆ ಮಾಡಿ, ಎಡಮೂಲೆಯನ್ನು ಬಾಯಿಗಿಟ್ಟು ಕಚ್ಚಿದಳು.

"ಅಯ್ಯೋ, ಇದೇನೇ ಇದು!"

"ನನ್ನ ಹಲ್ಲು ತಾನೇ ಬೇಕಾಗಿದ್ದು?"

"ಆಗ ಅಕ್ಕಿಕಾಳು, ಈಗ ಹಾರೆ! ತುದೀಲಿ, ತುದೀಲಿ ಕಚ್ಚೇ!"

ಆಮೇಲೆ ಬಣ್ಣ. ತೆಳ್ಳಗೆ ಒಂದು ಸಲ, ಒಣಗಿದ ಮೇಲೆ ಇನ್ನೊಂದು ಸಲ. ಅಮ್ಮ ಸ್ಟೂಲಿನ ಮೇಲೆ ಕೂತು, ಕಣ್ಣು ಮುಚ್ಚಿಕೊಂಡೇ ಹೇಳುತ್ತಾ ಹೋದಳು. ಬಕಲ್ ಹತ್ತಿರ ಬಿಳುಚಬೇಕು, ಅದು ಅವರ ಹೆಬ್ಬೆರಳು ತಾಗುವ ಜಾಗ. ಬಲಗಡೆ ಅಂಚು ಕಪ್ಪಗಾಗಬೇಕು, ಬಸ್ಸಿನಲ್ಲಿ ಕೂತರೆ ಆ ಕಡೆಯೇ ಅವಚಿ ಹಿಡಿಯುತ್ತಾರೆ. ಬಿಳುಚಬೇಕಾದಲ್ಲೆಲ್ಲ ಮಗಳು ಮೊದಲು ಸೀಲರ್ ಸವರಿದಳು. ಅಲ್ಲಿ ಮುಂದಿನ ಬಣ್ಣ ಇಳಿಯುವುದಿಲ್ಲ. ಒಣಗಿದ ಮೇಲೆ ಡಬ್ಬಿಯಿಂದ ಕಪ್ಪು ಮುಲಾಮಿನಂಥದ್ದನ್ನು ತೆಗೆದು ಇಡೀ ಮುಚ್ಚಳಕ್ಕೆ ಮೆತ್ತಿದಳು.

"ಹಾಳು ಮಾಡಿದ್ಯಲ್ಲೇ!"

"ಇದಕ್ಕೆ ನಾನು ಮುಪ್ಪಿನ ಬಣ್ಣ ಅಂತೀನಿ. ಒರೆಸಿದ್ರೆ ಗೆರೆ, ಗುಳಿಯೊಳಗೆ ಮಾತ್ರ ಉಳಿಯತ್ತೆ."

"ಸರಿಹೋಯ್ತು. ಲೋಕದಲ್ಲಿ ಎಲ್ಲರೂ ಮುಪ್ಪು ಹೋಗ್ಲಿ ಅಂತ ತಲೆಗೆ ಬಣ್ಣ ಹಚ್ತಾರೆ, ನನ್ನ ಮಗಳು ಮುಪ್ಪು ಬರ್ಲಿ ಅಂತ ಹಚ್ತಾಳೆ."

ಬಟ್ಟೆಯಿಂದ ಒರೆಸುತ್ತಾ ಬಂದ ಹಾಗೆ ಮುಚ್ಚಳಕ್ಕೆ ವಯಸ್ಸಾಗುತ್ತಾ ಬಂತು. ಮೂಲೆಯ ಗುಳಿಗಳಲ್ಲಿ ಕಪ್ಪು ನಿಂತಿತು. ಅಮ್ಮ ಸ್ಟೂಲಿನಿಂದ ಎದ್ದು ಹತ್ತಿರ ಬಂದಳು. ಮಗಳು ಮತ್ತೆ ಸೀಲರಿನ ಬಾಟಲಿ ಕೈಗೆತ್ತಿಕೊಂಡಳು. "ಕೊನೇ ಪದರ ಇದು. ಹಚ್ಚಿದ್ರೆ ಬಣ್ಣ ಕೂತುಬಿಡತ್ತೆ, ಮತ್ತೆ ತಿದ್ದೋ ಹಾಗಿಲ್ಲ. ಸರಿಯಾಗಿ ನೋಡ್ಕೋ."

ಅಮ್ಮ ನೋಡಲಿಲ್ಲ. ಕಿರುಬೆರಳನ್ನು ಒಂದು ಗುಳಿಯೊಳಗೆ ಇಟ್ಟು ತೆಗೆದಳು. "ಹಚ್ಚು," ಎಂದಳು.

ಮರುದಿನ ಸಂಜೆ ಅಪ್ಪ ಬಂದು, ಕೈಕಾಲು ತೊಳೆದು, ಗೂಟದಿಂದ ಚೀಲ ಇಳಿಸಿಕೊಂಡು ಕೂತರು. ಏನೋ ನೆಪ ಹೇಳಿ ಬಂದಿದ್ದ ಮಗಳು ಎದುರಿಗೆ ಕೂತು ನಿನ್ನೆಯ ಪೇಪರ್ ಓದುತ್ತಿದ್ದಳು. ಅಡುಗೆಮನೆಯಲ್ಲಿ ಪಾತ್ರೆಗಳ ಸದ್ದು ಜೋರಾಗಿತ್ತು. ಅಪ್ಪನ ಹೆಬ್ಬೆರಳು ಅಭ್ಯಾಸದಂತೆ ಎಡಮೂಲೆಗೆ ಹೋಯಿತು, ಎರಡು ಗುಳಿ ಸವರಿತು. ತೋರುಬೆರಳು ಮುಚ್ಚಳದ ಅಡಿಗೆ ಜಾರಿತು. ಅಲ್ಲೂ ಎರಡು ಗುಳಿ. ಬೆರಳು ಅಲ್ಲೇ ನಿಂತಿತು.

"ಏನ್ರೀ," ಅಡುಗೆಮನೆಯಿಂದ ಅಮ್ಮ ಕೂಗಿದಳು, "ಚೀಲ ಇದ್ದ ಹಾಗೇ ಇದೆ ತಾನೇ?"

ಮಗಳು ಪೇಪರಿನ ಹಿಂದೆ ತುಟಿ ಕಚ್ಚಿಕೊಂಡಳು.

"ಹಾಗೇ ಇದೆ ಕಣೇ. ಅದಕ್ಕೇನಾಗತ್ತೆ," ಎಂದು ಅಪ್ಪ ಗಟ್ಟಿಯಾಗಿ ಹೇಳಿದರು. ಆಮೇಲೆ ಮಗಳ ಕಡೆಗೆ ಬಗ್ಗಿ, ಪಿಸುದನಿಯಲ್ಲಿ:

"ನನ್ನ ಸಲ ಮುಚ್ಚಳದ ಮೇಲೆ ಆ್ಯಸಿಡ್ ಚೆಲ್ಲಿತ್ತು. ಎಲ್ಲಾ ಸರಿಯಾಗೇ ಮಾಡಿದ್ದೆ... ಕಚ್ಚೋದೊಂದು ಹೊಳೀಲಿಲ್ಲ ನೋಡು."