ತಿಂಗಳ ಮಾತು

"ಈ ಸಲ ಮೊದಲು ನಾನು ಹೇಳ್ಬಿಡ್ತೀನಿ," ಎನ್ನುತ್ತ ಲಾಂಡ್ರಿಯವನ ಹೆಂಡತಿ ಇಸ್ತ್ರಿ ಮೇಜಿನ ಈಚೆ ಬದಿಯ ಸ್ಟೂಲೆಳೆದುಕೊಂಡು ಕೂತಳು. ಆಚೆ ಬದಿಯಲ್ಲಿ ಗಂಡ ಆಗಲೇ ಬಂದು ಕೂತಿದ್ದ. ಅಂಗಡಿಯ ಷಟರ್ ಮೊಣಕಾಲೆತ್ತರಕ್ಕೆ ಮಾತ್ರ ತೆರೆದಿತ್ತು. ಅದರಡಿಯಿಂದ ನುಸುಳಿದ ಬೆಳಗಿನ ಬೆಳಕು ಇಬ್ಬರ ಪಾದಗಳವರೆಗೆ ಬಂದು ನಿಂತಿತ್ತು.

ತಿಂಗಳ ಮೊದಲ ಭಾನುವಾರ ಹೀಗೆ ಎದುರುಬದುರು ಕೂರುವುದು ಇಪ್ಪತ್ತಾರು ವರ್ಷದ ರೂಢಿ. ಹಿಂದೊಮ್ಮೆ ಗಂಡ ಹೆಂಡತಿ ಹನ್ನೊಂದು ದಿನ ಮಾತು ಬಿಟ್ಟು ಮುಖ ಊದಿಸಿಕೊಂಡು ಓಡಾಡಿದ್ದರು. ಇಸ್ತ್ರಿಪೆಟ್ಟಿಗೆ ಬಟ್ಟೆಯ ಮೇಲೇ ಇದೆ ಎಂದು ತಾನೇಕೆ ಮೊದಲು ಬಾಯಿಬಿಡಬೇಕು ಎಂಬ ಇಬ್ಬರ ಹಟದಲ್ಲಿ ಗಿರಾಕಿಯೊಬ್ಬರ ಹೊಸ ಕೋಟಿನ ಬೆನ್ನು ಕರಕಲಾಯಿತು. ಅಂದು ಮಾಡಿಕೊಂಡ ಕಟ್ಟಳೆ ಇದು. ಕಳೆದ ತಿಂಗಳನ್ನು ಮನಸ್ಸಿನಲ್ಲೇ ತಿರುವಿ ನೋಡಿ ತನ್ನ ತಪ್ಪು ಒಂದನ್ನು ಒಪ್ಪಿಕೊಳ್ಳಬೇಕು, ಎದುರಿಗಿರುವವರಿಂದ ಆಗಬೇಕಾದ್ದು ಒಂದನ್ನು ಕೇಳಬೇಕು. ಎದುರುಮಾತು ಆಡುವಂತಿಲ್ಲ. ಉತ್ತರವೇನಿದ್ದರೂ ಮುಂದಿನ ತಿಂಗಳ ನಡತೆಯಲ್ಲಿ. ಅವನು ಸಿಗರೇಟು ಬಿಟ್ಟಿದ್ದು ಈ ಮೇಜಿನ ಮುಂದೆ. ಗಿರಾಕಿಗಳ ಮೇಲೆ ಹರಿಹಾಯುತ್ತಿದ್ದ ಅವಳ ಬಾಯಿ ಮೆತ್ತಗಾದದ್ದೂ ಇಲ್ಲೇ. ಬೀದಿಯಲ್ಲಿ ಮೂರು ಲಾಂಡ್ರಿ ಬಾಗಿಲು ಹಾಕಿದರೂ ಇವರದು ಉಳಿದಿತ್ತು.

"ನನ್ನ ತಪ್ಪು ಏನಂದ್ರೆ," ಎಂದು ಅವಳು ಶುರುಮಾಡಿದಳು. ಮೂರು ದಿನದಿಂದ ಬಾಯಿಪಾಠ ಮಾಡಿದ್ದ ಮಾತು ಅದು. "ನೋಡಿಯೂ ನೋಡದ ಹಾಗೆ ಇದ್ದೆ ರೀ. ನೀವು ಬಟ್ಟೆಗೆ ತಪ್ಪು ಹೆಸರಿನ ಚೀಟಿ ಹೊಲಿದಿದ್ದನ್ನ ನಿಮ್ಮ ಬೆನ್ನ ಹಿಂದೆ ಬಿಚ್ಚಿ ಸರಿ ಮಾಡ್ತಿದ್ದೆ. ಹೋದ ವಾರ ಒಂದು ನನ್ನ ಕಣ್ಣು ತಪ್ಪಿತು. ಆ ಮದುವೆ ಗಂಡಿನ ಸೂಟು ಇನ್ಯಾರದೋ ಮನೆಗೆ ಹೋಯ್ತು. ಪಾಪ, ಅವನು ಭಾವನ ಕೋಟು ತೊಟ್ಟು ನಿಲ್ಲಬೇಕಾಯ್ತು."

ಅವನು ಮೇಜಿಗೆ ಹಾಸಿದ ಹೊದಿಕೆಯ ಸುಕ್ಕನ್ನು ಅಂಗೈಯಿಂದ ತೀಡುತ್ತಿದ್ದ. ಒಂದು ಕಾಲದಲ್ಲಿ ಕಾಲರ್ ಮುಟ್ಟಿದರೆ ಸಾಕು, ಯಾರ ಅಂಗಿ, ಯಾವ ವಾರ ಬಂದದ್ದು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದವನು.

"ನಿಮ್ಮಿಂದ ಆಗ್ಬೇಕಾದ್ದು..." ಅವಳು ಸ್ಟೂಲನ್ನು ಮೇಜಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡಳು. "ನಾಳೆಯಿಂದ ನೀವು ಕೌಂಟರಲ್ಲಿ ಕೂರ್ಬೇಡಿ."

ಸುಕ್ಕು ತೀಡುತ್ತಿದ್ದ ಕೈ ನಿಂತಿತು. ಹೊರಗೆ ಯಾರೋ ಸೈಕಲ್ ತಳ್ಳಿಕೊಂಡು ಹೋದರು.

"ಮುಗೀತಾ?"

"ಮುಗೀತು."

"ಹಾಗಾದ್ರೆ ನನ್ನದು," ಎಂದು ಅವನು ನೆಟ್ಟಗೆ ಕೂತ. "ತಪ್ಪು ನನ್ನದು ದೊಡ್ಡದು. ನೀನು ಎಷ್ಟು ತಿಂಗಳು ಕೇಳಿದೆ! ನಾನು ಕಲ್ಲಿನ ಹಾಗೆ ಕೂತಿದ್ದೆ. ಮನೇಲಿ ಜಾಗ ಇಲ್ಲ ಅಂತ ಅಲ್ಲ ಕಣೇ. ಅತ್ತೆ ಬಂದ್ರೆ ನೀವಿಬ್ರೂ ಒಂದಾಗಿ, ನನ್ನ ಮಾತು ನಡೆಯಲ್ಲ ಅಂತ ಭಯ ಇತ್ತು. ಸಣ್ಣ ಬುದ್ಧಿ. ನಿಮ್ಮಮ್ಮನ್ನ ಕರ್ಕೊಂಡು ಬಂದ್ಬಿಡೋಣ. ಇವತ್ತೇ."

ಐದು ವರ್ಷ, ಇದೇ ಸ್ಟೂಲಿನ ಮೇಲೆ ಕೂತು, ಅವಳು ಕೇಳಿದ್ದು ಅದೊಂದನ್ನೇ. ತಮ್ಮನ ಮನೆಯಲ್ಲಿ, ಮೆಟ್ಟಿಲ ಕೆಳಗಿನ ಸಂದಿಯಲ್ಲಿ, ಹಳೆ ಪೆಟ್ಟಿಗೆಗಳ ನಡುವೆ ಅಮ್ಮ ಮಲಗುತ್ತಿದ್ದಳು. ಅಲ್ಲೇ ಹೋದಳು. ಹೋಗಿ ಮೂರು ವರ್ಷವಾಗಿತ್ತು. ಹೆಗಲು ಕೊಟ್ಟವರಲ್ಲಿ ಇವನೇ ಮುಂದೆ ಇದ್ದ.

"ರೀ, ಅಮ್ಮ..." ಎಂದಳು.

"ಹೂಂ, ಗೊತ್ತು, ಬೇಜಾರು ಮಾಡ್ಕೊಂಡಿರ್ತಾರೆ. ನಾನೇ ಕೈ ಮುಗಿದು ಕೇಳ್ತೀನಿ. ಬೆಳಕು ಬೇಕು, ಕತ್ತಲಲ್ಲಿ ಉಸಿರು ಕಟ್ಟುತ್ತೆ ಅಂತ ಅಂದಿದ್ರಂತಲ್ಲ? ಬೀದಿ ಕಡೆ ಕೋಣೆ ಕೊಡೋಣ."

ಗಿರಾಕಿಗಳ ಮುಖ ಮರೆತವನು ಅವಳಾಡಿದ ಒಂದು ಮಾತನ್ನೂ ಮರೆತಿರಲಿಲ್ಲ. ಕೇಳಿಸಿಕೊಂಡಿದ್ದನಲ್ಲ, ಪ್ರತಿ ತಿಂಗಳೂ ಎಲ್ಲವನ್ನೂ ಕೇಳಿಸಿಕೊಂಡಿದ್ದನಲ್ಲ! ಅವನ ಅಂಗಿಯ ಎದೆ ಹಿಡಿದು ಅಲುಗಿಸಿ, ಸತ್ತುಹೋದಳು ಕಣ್ರೀ, ಸತ್ತುಹೋದಳು ಎಂದು ಕಿರುಚಬೇಕೆನಿಸಿತು. ತಲೆಯೆತ್ತಿ ನೋಡಿದಳು. ಹೊತ್ತ ಭಾರವನ್ನು ಈಗಷ್ಟೇ ಇಳಿಸಿದವನಂತೆ ಅವನು ನಗುತ್ತಿದ್ದ. ಎಷ್ಟೋ ತಿಂಗಳ ಮೇಲೆ ಕಂಡ ನಗು.

ಅವನೆದ್ದು ಹಿಂಬಾಗಿಲಿನಿಂದ ಮನೆಯೊಳಗೆ ಹೋದ. ಅವಳು ಅಲ್ಲೇ ಕೂತಿದ್ದಳು. ಒಳಗಿನಿಂದ ಏನೋ ಎತ್ತಿ ಹಾಕುವ, ಎಳೆಯುವ ಸದ್ದು ಕೇಳಿತು. ಬಹಳ ಹೊತ್ತಾದ ಮೇಲೆ ಕಣ್ಣೊರೆಸಿಕೊಂಡು ಹೋಗಿ ನೋಡಿದಳು. ಯಾರೂ ಬಂದು ಒಯ್ಯದ ಬಟ್ಟೆಗಳ ಗಂಟುಗಳೆಲ್ಲ ನಡುಮನೆಗೆ ಬಂದು ಬಿದ್ದಿದ್ದವು. ಗಂಟುಗಳಿಂದ ಬಿಡುವಾದ ಬೀದಿ ಕಡೆಯ ಕೋಣೆಯಲ್ಲಿ ಅವನು ಮಂಚವನ್ನು ಒಂದು ಕಡೆಯಿಂದ ಎಳೆದು, ಏದುಸಿರು ಬಿಡುತ್ತ, ಬಾಗಿಲ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಹೊಸ್ತಿಲನ್ನು ಗೇಣು ಹಾಕಿ ಅಳೆಯುತ್ತಿದ್ದ.

"ಎತ್ತರ ಆಯ್ತೇನೋ ಇದು. ಅತ್ತೆ ದಾಟ್ತಾರಾ?"

"ದಾಟ್ತಾಳೆ," ಎಂದು ಅವಳು ಮಂಚದ ಇನ್ನೊಂದು ತುದಿ ಹಿಡಿದಳು.