ಬಿಟ್ಟ ಇಪ್ಪತ್ತು ಅಡಿ

ಜಲ್ಲಿಕಲ್ಲಿನ ಖಡಿ ತುಂಬಿದ ಬಂಡಿಯ ಗಾಲಿ ಕೆಂಚವ್ವನ ಮನೆ ಮುಂದಿನ ರಾಡಿಯಲ್ಲಿ ಅರ್ಧ ಹೂತಾಗ ಹೌಸಿಂಗ್ ಸೊಸಾಯಿಟಿಯ ಸೆಕ್ರೆಟರಿ ದುಂಡಪ್ಪ ಧೋತರ ಎತ್ತಿ ಕಟ್ಟಿ, ಎತ್ತುಗಳನ್ನೂ ಬಯ್ದ, ಮಳೆಯನ್ನೂ ಬಯ್ದ. ಬಯ್ಯದೆ ಬಿಟ್ಟದ್ದು ತನ್ನೊಬ್ಬನನ್ನೇ. ಗೋಕಾಕದ ಈ ಹೊಸ ಓಣಿ ಸೊಸಾಯಿಟಿಯ ಸ್ವಂತದ್ದು. ಹನ್ನೊಂದು ಮನೆಯವರು ವರ್ಗಣಿ ಹಣ ಕೂಡಿಸಿ ರಸ್ತೆಗೆ ಖಡಿ ಹಾಕಿಸಿಕೊಂಡಿದ್ದರು. ನಟ್ಟನಡುವಿನ ಮನೆಯ ಕೆಂಚವ್ವ, ಗಂಡ ಸತ್ತವಳು, ಕೊಟ್ಟಿರಲಿಲ್ಲ. ‘ಕೊಡದವರ ಬಾಗಲಾ ಮುಂದ ಒಂದ ಹರಳ ಸೈತ ಬೀಳಬಾರದು’ ಎಂದು ದುಂಡಪ್ಪನೇ ಅಲ್ಲಿ ಇಪ್ಪತ್ತು ಅಡಿ ಬಿಡಿಸಿದ್ದ. ಓಣಿಯ ತುದಿಯಲ್ಲಿ ಅವನದೇ ಮನೆ. ಈ ಖಡಿ ಅದರ ಅಂಗಳಕ್ಕೆ.

‘ಭಾರ ಇಳಸದ ಅದು ಮ್ಯಾಲ ಬರೂದಿಲ್ಲಪಾ,’ ಕಟ್ಟೆಯ ಮೇಲಿಂದ ಕೆಂಚವ್ವ ಅಂದಳು.

‘ನನಗ ಗೊತ್ತೈತಿ, ಆಯಿ!’ ದುಂಡಪ್ಪ ಹಲ್ಲು ಕಡಿದ. ಎತ್ತುಗಳು ಮೊಣಕಾಲೂರಿದವು. ಬೇರೆ ದಾರಿ ಕಾಣದೆ ಅವನು ಬಂಡಿಯ ಹಿಂದಿನ ಹಲಗೆ ಕಿತ್ತ. ಖಡಿಯೆಲ್ಲ ಅವಳ ಬಾಗಿಲ ಮುಂದೆ ಸುರಿಯಿತು.

ಕೆಂಚವ್ವ ಒಳಗಿನಿಂದ ಸಲಿಕೆ ತಂದು, ಸೀರೆ ಸಿಕ್ಕಿಸಿ, ಖಡಿ ಹರವತೊಡಗಿದಳು.

‘ಈ ಕೆಲಸಾ ಮದಲ ಮಾಡಾಕ ನಿನಗೇನಾಗಿತ್ತು?’ ದುಂಡಪ್ಪ ರೇಗಿದ.

ಅವಳು ತಲೆ ಎತ್ತಲಿಲ್ಲ. ‘ರೊಕ್ಕ ಇಲ್ಲ ಅಂದಿದ್ದೆ. ಅದರ ಬದಲಿ ದುಡಿಯಾಕ ಬರ್ತೀಯೇನಂತ ನೀ ಯಾವತ್ತಾರ ಕೇಳೀಯೇನಪಾ?’